ಹದಿನಾಲ್ಕನೇ ಮೇಜು

ಮನಿಲಾ ಕೊಲ್ಲಿಗೆ ಬೆನ್ನು ಹಾಕಿ ಕೂತ ಹೋಟೆಲಿನಲ್ಲಿ
ಕಿವಿ ಕೇಳದ ಮಕ್ಕಳ ನಿಧಿಗೆಂದು ಔತಣ.
ವೇದಿಕೆಯ ಎಡ ಮೂಲೆ ನನ್ನದು;
ಕಪ್ಪು ಅಂಗಿ, ಉಗುರಿಗೆ ಬಣ್ಣವಿಲ್ಲ, ಉಂಗುರವಿಲ್ಲ.
ಕೈ ಮಾತಾಡುವಾಗ ಬೇರೇನೂ ಮಿನುಗಬಾರದು.
ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು:
ಇವರ ಬಾಯಿ, ಅವರ ಕಣ್ಣು,
ನಡುವೆ ನನ್ನ ಹತ್ತು ಬೆರಳಿನ ದೋಣಿ.

ಸೆನೆಟರ್ ಮಗ್ಬಾನುವಾ ಎದ್ದರು. ಅನಾನಸ್ ನಾರಿನ ಅಂಗಿ,
ಒಳಗಿನ ಬನಿಯನ್ನು ಕಾಣುವಷ್ಟು ತೆಳು;
ಮಾತು ಮಾತ್ರ ದಪ್ಪ ಕಂಬಳಿ.
"ಹೃದಯ" ಎಂದರು. ಎದೆ ಮುಟ್ಟಿಕೊಂಡೆ.
ಮತ್ತೆ "ಹೃದಯ". ಮತ್ತೆ ಮುಟ್ಟಿಕೊಂಡೆ.
ಹನ್ನೊಂದು ಸಲ. ಲೆಕ್ಕ ಇಟ್ಟವಳು ನಾನಲ್ಲ,
ಹದಿನಾಲ್ಕನೇ ಮೇಜಿನ ಹಿಯಾಸ್. ಒಂಬತ್ತು ವರ್ಷ,
ಮುಂದಿನ ಹಲ್ಲು ಒಂದಿಲ್ಲ;
ತಟ್ಟೆಯ ಅಂಚಿಗೆ ಅನ್ನದ ಅಗುಳು ಜೋಡಿಸುತ್ತಾ ಹೋಗಿ
ಎಣಿಸಿ ತೋರಿಸಿದಳು.
"ಈ ತಾತನಿಗೆ ಎದೆನೋವೇ?" ಎಂದು ಕೇಳಿದಳು, ಕೈಯಲ್ಲೇ.

ಆಮೇಲೆ ಲುವಾಲ್ಹಾತಿ ದಿಮಯುಗಾ ಹಾಡಿದಳು,
ಮೂವತ್ತು ಸಿನೆಮಾಗಳ ಅಳು ಇನ್ನೂ ಕಂಠದಲ್ಲಿ.
ಹಾಡನ್ನು ಕೈಗೆ ತರುವುದೆಂದರೆ
ಜರಡಿಯಲ್ಲಿ ನೀರು ಹೊತ್ತಂತೆ; ಹೊತ್ತೆ.
ಅರ್ಥ ಒಂದಿಷ್ಟು ಉಳಿಯಿತು, ರಾಗ ನೆಲಕ್ಕೆ ಸೋರಿತು.
ಮಕ್ಕಳು ನನ್ನನ್ನು ನೋಡಲೇ ಇಲ್ಲ.
ಮೇಜಿಗೆ ಅಂಗೈ ಒತ್ತಿ ಡ್ರಮ್ಮಿನ ಗುದ್ದು ಹುಡುಕುತ್ತಿದ್ದರು;
ಒಬ್ಬ ಹುಡುಗ ಕೆನ್ನೆಯನ್ನೇ ಇಟ್ಟುಬಿಟ್ಟಿದ್ದ,
ಉಪ್ಪಿನ ಕುಡಿಕೆಯ ಪಕ್ಕ, ಕಣ್ಣು ಮುಚ್ಚಿ.

ಊಟದ ನಡುವೆ ಕುರ್ಚಿಗಳು ಬೆರೆತವು.
ನಟನ ಪಕ್ಕ ಮೇಯರ್,
ಮೇಯರ್ ಪಕ್ಕ ನಾಳೆ ಮೇಯರ್ ಆಗಲಿರುವ ನಟ;
ಯಾರ ನಗು ಯಾರ ಮುಖದ್ದೋ.
ಹಾಸ್ಯಗಾರ ತೊನ್ಯಿಂಗ್ ಒಬ್ಬನೇ ಕಂಬದ ಮರೆಯಲ್ಲಿ
ಶೂ ಬಿಚ್ಚಿ ಹೆಬ್ಬೆರಳು ಹಿಸುಕಿಕೊಳ್ಳುತ್ತಿದ್ದ.
ಸೆನೆಟರು ದಿಮಯುಗಾಳ ಕಡೆ ಬಾಗಿ, ದನಿ ತಗ್ಗಿಸಿ, ಏನೋ ಅಂದರು.

ಗೋಡೆಗೆ ಕಿವಿಯುಂಟೆಂದು ಅಂಜುವವರು
ಮೇಜಿಗೆ ಕಣ್ಣುಂಟೆಂಬುದನ್ನು ಮರೆಯುತ್ತಾರೆ.
ಹಿಯಾಸ್ ನನ್ನತ್ತ ತಿರುಗಿ ಬೆರಳಾಡಿಸಿದಳು;
ಮೂರರಲ್ಲಿ ಎರಡು ಮಾತು ಸಿಕ್ಕಿತ್ತು, ದೂರದ ತುಟಿಯಿಂದ:
"ಮೇ ತಿಂಗಳು... ಮೂರು ಸಭೆ... ಹಾಡೋದು ಬೇಡ,
ಪಕ್ಕದಲ್ಲಿ ನಿಂತರೆ ಸಾಕು."
ಆಕೆ ಏನಂದಳು?
"ಎಷ್ಟು, ಅಂದಳು."
ಅವರು?
ಅಷ್ಟರಲ್ಲಿ ಸೆನೆಟರು ಲೋಟ ಎತ್ತಿದ್ದರು;
ಅಂಕಿ ಗಾಜಿನ ಹಿಂದೆ ಮುಳುಗಿತು.
ಹುಡುಗಿ ಭುಜ ಹಾರಿಸಿ ಮಾವಿನ ಹೋಳಿಗೆ ಮರಳಿದಳು.
ಇಷ್ಟು ವರ್ಷ ದಾಟಿಸುತ್ತಿದ್ದ ನಾನು
ದಡದಲ್ಲಿ ನಿಂತೇ ಇದ್ದೆ. ದೋಣಿ ಆಚೆಯಿಂದ ಬಂದಿತ್ತು.

ಕೊನೆಗೆ ಚೆಕ್ಕು. ಬಾಗಿಲಿನಷ್ಟು ಅಗಲ, ರಟ್ಟಿನದು,
ಸೊನ್ನೆಗಳು ಕೋಳಿಮೊಟ್ಟೆಗಳಂತೆ ಸಾಲಾಗಿ.
ಐದು ಮಕ್ಕಳ ಕೈಗೆ ಕೊಟ್ಟು ನಿಲ್ಲಿಸಿದರು;
ಮುಖಗಳು ಮುಚ್ಚಿದವು. ಕಂಡದ್ದು ಅಂಚು ಹಿಡಿದ ಬೆರಳಷ್ಟೇ.
ಆ ಬೆರಳೇ ಅವರ ನಾಲಿಗೆ ಎಂದು
ಯಾರಿಗೂ ಹೊಳೆಯಲಿಲ್ಲ; ನನಗೂ ತಡವಾಗಿ.
ಕ್ಯಾಮೆರಾದವನು ಮೂರು ಎಣಿಸುವುದರೊಳಗೆ
ಹಿಯಾಸ್ ಒಂದು ಕೈ ಬಿಟ್ಟಳು. ಚೆಕ್ಕು ವಾಲಿತು.

"ಏನಂತಾಳೆ ಪುಟ್ಟಿ?" ಮೈಕು ನನ್ನ ಬಾಯಿಗೆ ಬಂತು.
ಕಸುಬಿನ ನೇಮ: ಕೂಡಿಸಬೇಡ, ಕಳೆಯಬೇಡ.
"ಭಾರ, ಅಂತಾಳೆ" ಎಂದೆ.
ಸಭೆ ಅರೆಗಳಿಗೆ ತಡೆದು ಚಪ್ಪಾಳೆಯಾಗಿ ಒಡೆಯಿತು.
"ಕೇಳಿದಿರಾ, ನಿಮ್ಮ ಪ್ರೀತಿಯ ಭಾರ!"
ಸೆನೆಟರು ಕಣ್ಣೊರೆಸಿಕೊಂಡರು, "ನನ್ನ ಹೃದಯ..." ಎಂದು ತಡವರಿಸಿದರು.

ತೊನ್ಯಿಂಗ್ ಒಬ್ಬನೇ, ಬರಿಗಾಲಲ್ಲಿ ಬಂದು,
ನಗಿಸದೆ, ಏನೂ ಅನ್ನದೆ,
ವಾಲಿದ ಮೂಲೆಗೆ ಭುಜ ಕೊಟ್ಟ.
ಎರಡೂ ಕೈ ಬಿಡುಗಡೆಯಾದ ಹುಡುಗಿ
ರಟ್ಟಿನ ಪಕ್ಕದಿಂದ ಇಣುಕಿ, ನನಗೊಬ್ಬಳಿಗೇ
ಹೇಳಿದಳು: ಹನ್ನೆರಡು.