ಗೇಟು ಬಿದ್ದಾಗ

ಹಗಲು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ.
ರಾತ್ರಿ, ದಾವಣಗೆರೆಯ ಅಶೋಕ ರಸ್ತೆ, ರೈಲ್ವೆ ಗೇಟಿನ ಪಕ್ಕ,
ದೀಪ ಕೆಟ್ಟು ಮೂರು ತಿಂಗಳಾದ ಕಂಬದ ಕೆಳಗೆ ನಾನು.
ಯಾರೂ ದೂರು ಕೊಡದಿರಲಿ ಎಂದು ಹರಕೆ ಹೊತ್ತಿದ್ದೇನೆ.

ಬೋರ್‌ವೆಲ್ಲಿನ ಕೇಸಿಂಗ್ ಪೈಪು,
ತಳದಲ್ಲಿ ನಾನೇ ಎಂಟು ತಿಂಗಳು ತಿಕ್ಕಿದ ಕನ್ನಡಿ,
ಹಳೇ ಹೊಲಿಗೆ ಯಂತ್ರದ ಕಾಲು.
ಇಷ್ಟನ್ನು ಮೇಲಕ್ಕೆ ಬಾಯಿ ಮಾಡಿ ನಿಲ್ಲಿಸಿದರೆ
ಮೊದಲ ಪ್ರಶ್ನೆ ಯಾವತ್ತೂ ಒಂದೇ:
"ಎಷ್ಟು ರೊಕ್ಕ?"
ಎರಡನೆಯದು: "ಯಾವ ಪಾರ್ಟಿಯೋರು ನೀವು?"

ಗೇಟು ಬೀಳುತ್ತದೆ.
ಆಟೋ, ಸ್ಕೂಟರು, ಮಂಡಕ್ಕಿ ಮೂಟೆಯ ಗಾಡಿ
ಇಂಜಿನು ಆರಿಸಿ ಬೈಯಲು ಶುರುಮಾಡುತ್ತವೆ.
ಫುಟ್‌ಪಾತಿನ ಕಲ್ಲು ಇನ್ನೂ ಕಾದೇ ಇದೆ.
ಆಗ ಕೂಗುತ್ತೇನೆ, ಸೌತೆಕಾಯಿ ಮಾರುವವರ ಧಾಟಿಯಲ್ಲಿ:
"ಗುರು ನೋಡ್ರೀ ಗುರು! ನಾಲ್ಕು ಚಂದ್ರ, ಪುಕ್ಕಟೆ!"

ಭಟ್ಟಿಯ ದಾದಾಪೀರ್ ಮೊದಲು ಬಂದ.
ಇಪ್ಪತ್ತು ವರ್ಷ ಹೊಟ್ಟಿನ ಹೊಗೆ ಕುಡಿದ ಕಣ್ಣು;
ಒಂದನ್ನು ಅಂಗೈಯಲ್ಲಿ ಮುಚ್ಚಿ ಇನ್ನೊಂದನ್ನು ಇಟ್ಟ.
ಬಹಳ ಹೊತ್ತು ಸುಮ್ಮನಿದ್ದ.
"ಬಾಣಲಿಯಿಂದ ಸಿಡಿದ ಕಾಳು," ಅಂದ.
"ಒಂದು ಅರಳೈತಿ. ನಾಕು ಇನ್ನೂ ಅರಳಿಲ್ಲ."

ಎಂಟನೇ ಕ್ಲಾಸಿನ ಹುಡುಗಿಗೆ ಕಂಡದ್ದು
ತನ್ನದೇ ರೆಪ್ಪೆಗೂದಲ ಕಾಡು.
ಮತ್ತೆ ಇಣುಕಿ ಕಿರುಚಿದಳು: "ಅಯ್ಯೋ, ಓಡಿಹೋಯ್ತು!"
ಓಡುವುದು ಅದಲ್ಲಮ್ಮ, ನಾವು.
ಈ ಗೇಟು, ಈ ಸ್ಕೂಟರು, ನಿಮ್ಮಪ್ಪನ ಸಿಟ್ಟು ಸಮೇತ
ನಿಂತಲ್ಲೇ ಪೂರ್ವಕ್ಕೆ ಓಡುತ್ತಿದ್ದೇವೆ.
ಅವಳಪ್ಪ ಹಳಿಯತ್ತ ನೋಡಿ ಕೇಳಿದ:
"ಹಂಗಾದ್ರೆ ಮನೆ ಯಾಕೆ ಇನ್ನೂ ಬಂದಿಲ್ಲ?"

ಪೈಪನ್ನು ಅರೆಬೆರಳು ತಳ್ಳಿ
ಗುರುವನ್ನು ಮತ್ತೆ ಹಿಡಿದು ಕೊಟ್ಟೆ.

ಮಿರ್ಚಿ ಗಾಡಿಯ ಹಾಲಮ್ಮ ಸ್ಟೋವ್ ಸಣ್ಣ ಮಾಡಿ ಬಂದಳು.
"ಅವೆಲ್ಲ ಇರಲಿ. ಭರಣಿ ತೋರ್ಸು.
ಭರಣಿ ಬಂದ್ರೆ ಧರಣಿ ಬೆಳೆ ಅಂತಿದ್ಲು ನಮ್ಮವ್ವ.
ಮಳ್ಯಾಗ ನೆಂದೀನಿ. ಮುಖ ನೋಡಿಲ್ಲ."

ನನಗೆ ಮಾತು ಸಿಗಲಿಲ್ಲ.
ಭರಣಿ ಮಳೆಯ ದಿನಗಳಲ್ಲಿ ಭರಣಿ ಕಾಣುವುದಿಲ್ಲ.
ಸೂರ್ಯ ಅವಳ ಮನೆಯಲ್ಲೇ ಕೂತಿರುತ್ತಾನೆ;
ಅವನ ಜೊತೆ ಎದ್ದು, ಅವನ ಜೊತೆ ಮುಳುಗಿ
ಮೂರು ಚುಕ್ಕೆ ಹಗಲಿನೊಳಗೆ ಮರೆಯಾಗಿರುತ್ತವೆ.
ರೋಹಿಣಿ, ಆರಿದ್ರೆ, ಮಘೆ, ಎಲ್ಲರದೂ ಇದೇ ಕತೆ:
ತಮ್ಮ ಹೆಸರಿನ ಮಳೆ ಬೀಳುವ ಹೊತ್ತಿಗೆ
ರಾತ್ರಿಯ ಊರಲ್ಲಿ ಇರುವುದಿಲ್ಲ.

ಹೇಳಿದೆ. ಕಾರ್ತೀಕದಲ್ಲಿ ಬಾ,
ನಡುರಾತ್ರಿ ನೆತ್ತಿಯ ಮೇಲೆ ತೋರಿಸುತ್ತೇನೆ ಅಂದೆ.
ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನಕ್ಕಳು:
"ಮದುವಿ ಮನ್ಯಾಗ ನಾನೂ ಹಂಗೇ.
ಅಡಿಗಿ ನಂದು. ಮುಖ ಒಲಿ ಹಿಂದೆ."

ಆಮೇಲೆ ಬಗ್ಗಿ, ಬಂದದ್ದಕ್ಕೆ ಗುರುವನ್ನೂ ನೋಡಿದಳು.

ನನ್ನನ್ನು ಎಬ್ಬಿಸಲು ಬಂದಿದ್ದ ಪೇದೆ ಬಸವಂತಪ್ಪ
ಸಾಲಿನಲ್ಲಿ ನಿಂತು, "ಎಲ್ಲಿ ಗುರೂ, ಗುರು?" ಎನ್ನುತ್ತ
ಟೋಪಿ ತೆಗೆದು ಕಣ್ಣಿಡುವುದಕ್ಕೂ
ಗೂಡ್ಸ್ ಬರುವುದಕ್ಕೂ ಸರಿಹೋಯಿತು.
ನೆಲ ನಡುಗಿತು, ಹೊಲಿಗೆ ಯಂತ್ರದ ಕಾಲು ನಡುಗಿತು,
ಅರವತ್ತು ಕೋಟಿ ಮೈಲಿಯಾಚೆ ಆ ಬೆಳಕೂ ನಡುಗಿತು.
"ಚಳಿಜ್ವರ ಬಂದೈತಲ್ರೀ ಇದಕ್ಕೆ!"
ಐವತ್ತೆಂಟು ಡಬ್ಬಿ. ಎಣಿಸಿದ್ದು ಆ ಹುಡುಗಿ.

ಗೇಟು ಎದ್ದಿತು. ಹಾರನ್ನುಗಳ ಜಾತ್ರೆ.
ಸಾಲು ಹರಿದುಹೋಯಿತು, ನೋಡದವರು ನೋಡದೆಯೇ ಹೋದರು.
ಹಾಲಿನ ಕ್ಯಾನಿನವನೊಬ್ಬ ಗೇರು ಹಾಕುತ್ತ ಕೂಗಿದ:
"ನಾಳೆ ಇರ್ತೀರಾ?"
ಗುರು ಇರ್ತಾನೆ. ಮೋಡದ್ದು ನನ್ನ ಕೈಲಿಲ್ಲ.

ಧೂಳು ಇಳಿಯಲಿ ಎಂದು ಕಾದು
ಕಣ್ಣಿಡುವ ಗಾಜನ್ನು ಬ್ಯಾಟರಿ ಬಿಟ್ಟು ನೋಡಿದೆ.
ಅಂಚಿನಲ್ಲಿ ಕಡಲೆಹಿಟ್ಟಿನ ಬೆರಳು,
ಅದರ ಮೇಲೆ ಯಾರದೋ ಕಾಡಿಗೆ.
ಹಗಲಿಡೀ ಮಾಡುವುದು ಇದೇ ಕೆಲಸ;
ಅಂಗಿಯ ತುದಿಯಿಂದ ಒರೆಸತೊಡಗಿದೆ.

ಅರ್ಧ ಒರೆಸಿರಲಿಲ್ಲ,
ಮತ್ತೆ ಗಂಟೆ ಹೊಡೆಯಿತು.