ಕರಿ ಹಕ್ಕಿ, ನೀಲಿ ಮಣ್ಣು

ಬೀದರಿನ ಚೌಬಾರಾದ ನೆರಳು
ಮೂರು ಹೊಡೆದ್ಮ್ಯಾಲ ಬೀಳೋ ಗಲ್ಲಿಯೊಳಗ
ನನ್ನ ಜೆರಾಕ್ಸ್ ಅಂಗಡಿ.
ಮಕ್ದೂಮ್ ಉಸ್ತಾದಗ ಇಟಲಿಯಿಂದ ಬಂದ ಪತ್ರ
ನಾನೇ ಓದಿ ಹೇಳ್ದೆ, ಪುಟಕ್ಕ ಹತ್ತು ರೂಪಾಯಿ.
ಆಮ್ಯಾಲ ರೊಕ್ಕ ಕೇಳೋದೇ ಬಿಟ್ಟೆ.

ಸಮುದ್ರದ ಕಡಿ ಒಂದು ಗುಡ್ಡ ಅದ ಅಂತ.
ಮಣ್ಣು ನೀಲಿ. ಮಳಿ ಬಂದ್ರ ಬೂಟು ಬಿಡಲ್ಲ,
ಬಿಸಲು ಬಿದ್ರ ಹೆಂಚಿನಂಗ ಸೀಳತದ.
ಪೊಜ್ಜೊಲೂನಾದ ಮುದುಕ ಅಲ್ಲಿ ದ್ರಾಕ್ಷಿ ಹಚ್ಚಿದಾಗ
ಬಾಜು ಹೊಲದವರು ಬೇಲಿ ಹಿಡಿದು ನಕ್ಕರು:
ಗೋಧಿಗೇ ಒಲ್ಲೆ ಅಂದ ನೆಲ,
ಹೊರಗಿಂದ ಬಂದ ಬಳ್ಳಿಗಿ ಹೂಂ ಅಂತದೇನು?

ಮೊದಲ ವರ್ಷದ ರಸ ಕೂಲಿಯವರಿಗಿ ಹಂಚಿದ.
ಎರಡನೇದು ಹುಳಿ. ಮೂರನೇದು ಆಲಿಕಲ್ಲು ತಿಂತು.
ಏಳನೇ ವರ್ಷ ಪೀಪಾಯಿ ಬಿಚ್ಚಿ ರುಚಿ ನೋಡಿದ ಮಗಳು
ಏನೂ ಅನ್ಲಿಲ್ಲಂತ,
ಸುಮ್ಮ ಕುಂತಳಂತ ಮೆಟ್ಟಲ ಮ್ಯಾಲ.
ಈಗ ಆ ಗುಡ್ಡದ ಒಂದು ಬಾಟ್ಲಿ ಅಂದ್ರ
ನನ್ನ ಅಂಗಡಿಯ ಆರು ತಿಂಗಳ ಬಾಡಿಗಿ.
ನಕ್ಕವರ ಮೊಮ್ಮಕ್ಕಳು ಅಲ್ಲೇ ಬುಟ್ಟಿ ಹೊರತಾರ.

"ಹೆಸರೇನು ಆ ದ್ರಾಕ್ಷಿದು?" ಕೇಳ್ದ ಉಸ್ತಾದ.
ಮೆರ್ಲೊ. ಅಂದ್ರ ಸಣ್ಣ ಕರಿ ಹಕ್ಕಿ ಅಂತ.
ಹಣ್ಣಾಗಿದ್ದು ಮನುಷ್ಯಾಗ ತಿಳಿಯೋಕಿಂತ ಮೊದಲು
ಅದಕ್ಕ ತಿಳಿತದಂತ.
ಐವತ್ತನೇ ಸುಗ್ಗಿಗಿ ಅವರಿಗೊಂದು ಸುರಾಹಿ ಬೇಕು,
ಬಿದ್ರಿ ಕೆಲಸದ್ದು: ಬಳ್ಳಿ, ಬಳ್ಳಿ ಮ್ಯಾಲ ಹಕ್ಕಿ.

ಉಸ್ತಾದ ಉಗುರಿನ ಕರಿ ನೋಡಕೋತ ಅಂದ:
"ಮುಂಗಡ ಆಮ್ಯಾಲ.
ಮೊದಲು ಆ ಮಣ್ಣು ಒಂದು ಮುಷ್ಟಿ ಕಳಸ್ರಿ ಅಂತ ಬರಿ."

ಇಪ್ಪತ್ತು ದಿನಕ್ಕ ಡಬ್ಬಿ ಬಂತು,
ಕೂಡ ಒಂದು ಬಾಟ್ಲಿ ಸೈತ.

ಕಿಲ್ಲಾದ ಮಣ್ಣು ನಾಲಗಿಗಿ ಹಚ್ಚಿ ನೋಡೋ ಮನೆತನ.
ಮಳಿ ಬಿಸಲು ಕಾಣದ ಗ್ವಾಡಿ ಬುಡದ್ದೇ ಆಗಬೇಕು,
ನವಸಾಗರದ ಜೊತಿ ಕುದಿಸಿದ್ರ
ಸತುವು ಇರುಳಾಗಬೇಕು,
ಬೆಳ್ಳಿ ಬೆಳ್ಳಿಯಾಗೇ ಉಳೀಬೇಕು.
ರುಚಿ ಕೂಡದಿದ್ರ ಉಗುಳಿ ಮುಂದ ನಡೀತಾನ.
ಇದನ್ನೂ ಹಂಗೇ ಬೆರಳ ತುದಿಗಿ ತಗೊಂಡ,
ಕಣ್ಣು ಮುಚ್ಚಿದ.
ಹೊರಗ ಆಟೋದವ ಹಾರ್ನ್ ಹೊಡಿಲಾಕತ್ತಿದ್ದ.
"ತಂಪದ," ಅಂದ. "ಖಾರಿಲ್ಲ. ನನ್ನ ಕೆಲಸಕ್ಕ ಬರಲ್ಲ.
ಆದ್ರ ನೀರು ಹಿಡಕೊಂಡು ಕುಂತದ ನೋಡು,
ಸೊಸಿಗಿ ಕೀಲಿ ಕೊಡದ ಅತ್ತಿಯಂಗ."
ಉಳಿದಿದ್ದು ಕಾಗದದಾಗ ಕಟ್ಟಿ
ಉಳಿಗಳ ಪೆಟ್ಟಿಗಿಯೊಳಗ ಇಟ್ಟ.

ಸುರಾಹಿಗಿ ಮೂರು ತಿಂಗಳು.
ಎಲಿ ಬೆಳ್ಳಿ, ಎಳಿ ಬೆಳ್ಳಿ, ಆಕಾಶ ಸೈತ ಬೆಳ್ಳಿ ತಗಡು;
ಹಕ್ಕಿಯ ಜಾಗಕ್ಕ ಮಾತ್ರ ಉಳಿ ಮುಟ್ಟಲಿಲ್ಲ.
"ಕರಿ ಹಕ್ಕಿನ ನಾ ಯಾಕ ಮಾಡ್ಲಿ?
ಅದು ಒಳಗೇ ಅದ."
ಕೊನೀ ದಿನ ಮಣ್ಣಿನ ಬಿಸಿನೀರಾಗ ಅದ್ದಿ,
ತೊಳೆದು, ಎಣ್ಣಿ ಒರಸಿದಾಗ
ಬಂತು.

ಆಮ್ಯಾಲ ಒಂದು ಫೋಟೋ: ಬಿಳಿ ಹಾಸಿನ ಮ್ಯಾಲ ಸುರಾಹಿ,
ಪಕ್ಕದಾಗ ಮೆಟ್ಟಲ ಮ್ಯಾಲ ಕುಂತಿದ್ದ ಆ ಮಗಳು,
ಈಗ ಎಪ್ಪತ್ತೈದರ ಮುದುಕಿ.
ಕೆಳಗ ಒಂದು ಸಾಲು:
ಭಾಳ ಚಂದ ಆಗ್ಯಾದ. ಆದ್ರ ನಮ್ಮ ಹಕ್ಕಿಗಿ
ಬಾಲ ಸೀಳಿರಲ್ಲ. ಇದು ಯಾವ ಹಕ್ಕಿ?

ಉಸ್ತಾದ ಹೊರಗ ಬೆರಳು ಮಾಡ್ದ.
ಲೈಟಿನ ಕಂಬದಿಂದ ಕಂಬಕ್ಕ ಜೋತ ತಂತಿ,
ಅದ್ರ ಮ್ಯಾಲ ದಿನಾ ಕೂಡೋ ಕಾಜಾಣ.
ಏನಂತ ಬರೀಲಿ ಅಂದೆ.
"ಇಲ್ಲಿದು ಹಿಂಗೇ ಇರತದ ಅಂತ ಬರಿ."

ಬಾಟ್ಲಿ ಇನ್ನೂ ನನ್ನ ಹತ್ರಾನೇ ಅದ.
ಅಂವಗ ಹರಾಮ, ನನ್ನ ಕೊಳ್ಳಾಗ ಲಿಂಗ.
ಅಡ್ಡ ಮಲಗಿಸಿಡ್ರಿ ಅಂತ ಪತ್ರದಾಗಿತ್ತು,
ಟೋನರ್ ಡಬ್ಬಿಗಳ ಹಿಂದ ಮಲಗ್ಯಾದ.
ಕರೆಂಟು ಹೋದಾಗ ಒಮ್ಮೊಮ್ಮಿ ತೆಗೆದು
ಬಾಗಿಲ ಬೆಳಕಿಗಿ ಹಿಡೀತೀನಿ.
ಪೂರಾ ಕರಿ, ಏನೂ ಕಾಣಲ್ಲ.
ಬಾಗಿಸಿದ್ರ ಮಾತ್ರ, ಕೊರಳಿನ ಅಂಚಿನಾಗ,
ನಮ್ಮ ಜಂಬಿಟ್ಟಿಗಿ ನೆಲದಷ್ಟು
ಕೆಂಪು.