ಮತ್ತೆ ನಾನೂರಕ್ಕೆ

ಮೊದಲು ಮೂವತ್ತಾರನೆಯ ನಂಬರಿನ ಸಾಣೆ.
ಅದು ಉಜ್ಜುವುದಿಲ್ಲ, ಜಗಳ ಆಡುತ್ತದೆ.
ಗರಗಸ ಬಿಟ್ಟುಹೋದ ಅಲೆಗಳ ಮೇಲೆ ಎರಗಿ
ಗೊರಗೊರ ಕೆರೆದು, ಬೆಳ್ಳಗೆ ನೊರೆ ಕಾರಿ
ಮುಂದಕ್ಕೆ ತಳ್ಳುತ್ತದೆ.
ಆಮೇಲೆ ಅರವತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು.
ಇಪ್ಪತ್ತು ತಲೆಗಳು ಸಾಲಾಗಿ ಬಗ್ಗಿ
ಒಂದೇ ಚಪ್ಪಡಿಯ ಬೆನ್ನು ತಿಕ್ಕುತ್ತವೆ,
ಹಟದ ಮಗುವನ್ನು ಮೀಯಿಸುವ ಅಜ್ಜಿಯರ ಹಾಗೆ.

ಕಶೊಯೇರೊ ಊರಲ್ಲಿ ನಾವು ಮನುಷ್ಯರನ್ನೂ
ಈ ನಂಬರಿನಿಂದಲೇ ಅಳೆಯುವುದು.
ಹೊಸ ಹುಡುಗ ಬಂದರೆ, "ಇನ್ನೂ ಮೂವತ್ತಾರು, ಬಿಡು."
ಊರಾಚೆ ಪಾದ್ರಿ, ಸನ್ಯಾಸಿನಿ ಅಂತ
ಎರಡು ಬಂಡೆಬೆಟ್ಟ ಎದುರುಬದುರು ಕೂತಿವೆ.
ಅವಕ್ಕೆ ಅದೂ ಇಲ್ಲ. ಬರೀ ಮಳೆ.

ಚಪ್ಪಡಿಯ ಮೈ ಯಂತ್ರಕ್ಕೆ,
ಅಂಚು ಜೆನಿಲ್ಡಾಳ ಪಾಲಿಗೆ.
ಕೈಯಂತ್ರಕ್ಕೆ ಬಿಲ್ಲೆ ಸಿಕ್ಕಿಸಿ, ನೀರು ಬಿಟ್ಟುಕೊಂಡು
ಹತ್ತೊಂಬತ್ತು ವರ್ಷ.
ಗ್ಲೌಸು ಇದೆ. ಗೋಡೆಯ ಮೇಲೆ ಅದರ ಚಿತ್ರವೂ ಇದೆ.
"ಗ್ಲೌಸಿಗೆ ಗೀರು ಕಾಣಿಸಲ್ಲ" ಅನ್ನುತ್ತಾಳೆ,
ಕಣ್ಣು ಮುಚ್ಚಿ ಬೆರಳು ಓಡಿಸುತ್ತಾ ಓಡಿಸುತ್ತಾ
ಥಟ್ಟನೆ ನಿಲ್ಲಿಸಿ: "ಇಲ್ಲಿ."
ನಾನು ಕ್ರೇನಿನವನು. ದೀಪ ಹಿಡಿದು ಬಗ್ಗಿದರೆ
ಏನೂ ಇಲ್ಲ. ದೀಪ ಓರೆ ಮಾಡಿದರೆ
ಇದೆ, ಕೂದಲೆಳೆಯಷ್ಟು.
ಮೂರು ಸಾವಿರ ಮುಗಿದಿರಲಿ, ಲಾರಿ ಕಾಯುತ್ತಿರಲಿ,
ಕರುಣೆ ಎಂಬುದಿಲ್ಲ ಅವಳಿಗೆ:
"ಮತ್ತೆ ನಾನೂರಕ್ಕೆ."

ಅವಳ ಅಮ್ಮ ಹೆಬ್ಬೆಟ್ಟಿನವಳು.
ಕಾಫಿ ತೋಟದ ಬಟವಾಡೆ ಪುಸ್ತಕಕ್ಕೆ ಬೆರಳೊತ್ತಿ
ಲಂಗಕ್ಕೆ ಒರೆಸಿಕೊಂಡರೂ ಮಸಿ ಹೋಗದೆ
ಸಂಜೆಯ ರೊಟ್ಟಿಯ ಮೇಲೂ ನೀಲಿ.
ನೀನಾದರೂ ಹೆಸರು ಬರಿ ಅಂತ
ಮಗಳನ್ನು ಹೊಳೆ ದಾಟಿಸಿ ಶಾಲೆಗೆ ಕಳಿಸಿದಳು.
ಬರೆಯುತ್ತಾಳೆ ಜೆನಿಲ್ಡಾ. ಬಾಲವಿರುವ ಸಹಿ,
ಕೊನೆಯ ಅಕ್ಷರಕ್ಕೊಂದು ಸುಳಿ.
ಅದು ಯಾರಿಗೂ ಬೇಡ ಈಗ.
ಬ್ಯಾಂಕಿಗೆ ಬೆರಳು ಬೇಕು. ಗೇಟಿನ ಗಡಿಯಾರಕ್ಕೂ
ಬೆರಳೇ ಬೇಕು.

ಅಕ್ಟೋಬರಿನ ಒಂದು ಭಾನುವಾರ, ವೋಟಿನ ದಿನ,
ಶಾಲೆಯ ಕೋಣೆ. ಅವಳ ಹಿಂದೆಯೇ ನಾನು.
ಮೇಜಿನಾಚೆ ವಾಂಡರ್ಲೇ, ಗಣಿತದ ಮೇಷ್ಟ್ರು.
"ಹೆಬ್ಬೆರಳು ಇಡಮ್ಮ."
ಯಂತ್ರ ಯೋಚಿಸಿತು. ಇಲ್ಲ ಅಂದಿತು.
"ಒರೆಸಿ ಇಡು." ಇಲ್ಲ.
"ತೋರುಬೆರಳು?" ಇಲ್ಲ.
"ಎಡಗೈ ನೋಡೋಣ."
ನೋಡಿದ. ಕೈ ಹಿಡಿದು ಕಿಟಕಿಯ ಕಡೆ ತಿರುಗಿಸಿಯೇ ನೋಡಿದ.
ಶಂಖವಿಲ್ಲ, ಚಕ್ರವಿಲ್ಲ.
ಹಾಲುಗಲ್ಲಿನಂತೆ ನುಣ್ಣಗೆ
ಹತ್ತಕ್ಕೆ ಹತ್ತೂ.

ಸಾಲಿನಲ್ಲಿ ಯಾರೋ ನಕ್ಕರು.
ನನಗೆ ಹೇಳಬೇಕೆನ್ನಿಸಿತು, ಅವಳ ಬೆರಳು
ಹಡಗು ಹತ್ತಿ ಹೋಗಿದೆ, ದೂರದ ಅಡುಗೆಮನೆಗಳಲ್ಲಿ
ಈರುಳ್ಳಿ ಹೆಚ್ಚುವವರ ಮೊಣಕೈ ತಾಗುವ ಅಂಚಿನಲ್ಲಿದೆ ಅಂತ.
ಅಂಥ ಚೆಂದದ ಸುಳ್ಳು ಹೇಳಲಾರೆ.
ಬಿಳಿ ಕೆಸರಿನ ಹೊಂಡಕ್ಕೆ ಹೋಯಿತು ಅದು,
ಕಲ್ಲಿನ ಹಿಟ್ಟಿನ ಜೊತೆ.
ಹದಿನೈದು ದಿನಕ್ಕೊಮ್ಮೆ ಟ್ರಕ್ಕು ಬಂದು
ಎರಡನ್ನೂ ಒಟ್ಟಿಗೆ ಬಾಚಿಕೊಂಡು ಹೋಗುತ್ತದೆ.

ನಾಲ್ಕು ಸಲ ಸೋತ ಮೇಲೆ
ನಿಯಮ ಮೆತ್ತಗಾಗುತ್ತದೆ.
"ಹುಟ್ಟಿದ ವರ್ಷ ಹೇಳು. ಸರಿ.
ಇಲ್ಲೊಂದು ಸಹಿ ಹಾಕು."

ಪೆನ್ನು ತೆಗೆದುಕೊಂಡಳು.
ಅವಸರವೇ ಇಲ್ಲ.
ಪೂರ್ತಿ ಹೆಸರು, ಗಂಡನ ಮನೆಯದು, ತವರಿನದು,
ಬಾಲ,
ಆಮೇಲೆ ಸುಳಿ.
ಹೊರಗಿನ ಬಿಸಿಲಿನ ತನಕ ಸಾಲು ಕಾಯಿತು.

ವೋಟು ಹಾಕಿ ಹೊರಟವಳು
ಮೇಜಿನ ಹತ್ತಿರ ನಿಂತಳು.
ಬೆರಳು ಓದುವ ಆ ಪುಟ್ಟ ಗಾಜಿನ ಮೇಲೆ
ಹೆಬ್ಬೆರಳನ್ನು ಒಮ್ಮೆ ಎಳೆದಳು,
ಕಣ್ಣು ಮುಚ್ಚಿ.
"ಗೀರಿದೆ ಮೇಷ್ಟ್ರೇ," ಅಂದಳು,
"ಇಲ್ಲಿ.
ಮತ್ತೆ ನಾನೂರಕ್ಕೆ."